ಒಬ್ಬರನ್ನು ಬಿಟ್ಟು

ಮಾರ್ಚ್ 3, ಮಂಗಳವಾರ

ಟವೆಲ್‌ಗಳನ್ನು ಎರಡನೇ ಸಲ ಒಗೆಯಲು ಹಾಕಿದೆ. ಚರ್ಚಿನ ನೆಲಮಾಳಿಗೆಯ ಬೀರುವಿನ ವಾಸನೆ ಒಂದು ಸಲಕ್ಕೆ ಹೋಗುವುದಿಲ್ಲ. ಪಾದ ತೊಳೆದು, ಒಟ್ಟಿಗೆ ಉಂಡು, ರೊಟ್ಟಿ ಮುರಿಯುವ ಪವಿತ್ರ ಗುರುವಾರದ ಪ್ರೇಮಭೋಜನಕ್ಕೆ ಇನ್ನೂ ತಿಂಗಳಿದೆ. ಆದರೂ ಕೊನೇ ಗಳಿಗೆಯ ಓಡಾಟ ನನಗೆ ಆಗದು.

ಇಡೀ ದಿನ ಕ್ಲಿನಿಕ್‌ನಲ್ಲಿ ಊರವರ ಹಲ್ಲು ಕ್ಲೀನ್ ಮಾಡಿದೆ. ಬಂದವರೆಲ್ಲ ದಿನಾ ಫ್ಲಾಸ್ ಮಾಡುತ್ತೇವೆ ಎಂದರು. ವಸಡು ಬೇರೆಯೇ ಹೇಳುತ್ತಿತ್ತು. ನಾನು ಜಗಳಕ್ಕೆ ಹೋಗುವುದಿಲ್ಲ. ಹಿಂದಿನ ಸಾಲಿಗೆ ಸ್ವಲ್ಪ ಗಮನ ಕೊಡಿ ಅನ್ನುತ್ತೇನೆ, ಅಷ್ಟೇ.

ಸಂಜೆ ಪಾಸ್ಟರ್ ಟ್ರೆವರ್ ಫೋನು. ಪವಿತ್ರ ಗುರುವಾರ, ಪಾದ ತೊಳೆಯುವುದಕ್ಕೆ ಮುಂಚೆ, ಆತ್ಮಪರೀಕ್ಷೆಯ ನಾಲ್ಕು ಮಾತು ಈ ಸಲ ನಾನು ಆಡಬೇಕಂತೆ. ವಿಷಯವನ್ನೂ ಅವರೇ ಕೊಟ್ಟರು — ನಮಗೆ ರಕ್ಷಕ ಯಾಕೆ ಬೇಕು. ಹುಡುಗ ಇನ್ನೂ ಮೂವತ್ತು ದಾಟಿಲ್ಲ. ಸುಲಭದ ವಿಷಯ ಕೊಟ್ಟೆ ಅಂದುಕೊಂಡಿರಬೇಕು. ಆಯಿತು ಅಂದೆ. ನಾನು ಯಾವುದಕ್ಕೂ ಆಗಲ್ಲ ಅನ್ನುವವಳಲ್ಲ.

ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ. ನನಗೆ ಉತ್ತರ ಗೊತ್ತಿಲ್ಲ. ಜಗತ್ತಿಗೆ ಬೇಕು, ಸರಿ. ಯುದ್ಧ ಮಾಡುವವರಿಗೆ ಬೇಕು, ಹೆಂಡತಿಗೆ ಹೊಡೆಯುವವರಿಗೆ ಬೇಕು. ನನಗೆ? ಹಾಡಿನಲ್ಲಿ ಪಾಪಿ ಎಂದು ಬಂದಾಗ ನಾನೂ ಎಲ್ಲರ ಜೊತೆ ಗಟ್ಟಿಯಾಗಿಯೇ ಹಾಡುತ್ತೇನೆ. ಆದರೆ ಒಬ್ಬಳೇ ಕೂತು ಹುಡುಕಿದರೆ ಕೈಗೆ ಸಿಗುವುದು ಚಿಲ್ಲರೆ. ಸಿಗ್ನಲ್‌ನಲ್ಲಿ ಬೈದದ್ದು, ನಾದಿನಿಯ ಕರ್ಟನ್ ಬಗ್ಗೆ ಅಂದುಕೊಂಡದ್ದು. ಅತ್ತೆಯನ್ನು ಕೊನೆಯವರೆಗೂ ನೋಡಿಕೊಂಡೆ. ಸುಳ್ಳು ಹೇಳುವುದಿಲ್ಲ. ಇದು ಜಂಬವಾ? ಇರಬಹುದು. ಆದರೆ ನಿಜವೂ ಹೌದಲ್ಲ.

ಗಂಡ ಕರ್ಟ್ ಬೂಟು ಬಿಚ್ಚುತ್ತ ಕೇಳಿಸಿಕೊಂಡ. "ನಿಂಗೆ ರಕ್ಷಕ ಬೇಡ ಕಣೆ ಜನೆಲ್. ರಕ್ಷಕನಿಗೇ ನೀನು ಬೇಕಾಗಬಹುದು. ಅಸಿಸ್ಟೆಂಟ್ ಆಗಿ."

ನಕ್ಕೆ. ಆಮೇಲೆ ಪಾತ್ರೆ ತೊಳೆಯುವಾಗ ಅಷ್ಟು ನಗು ಬರಲಿಲ್ಲ.

ಮಾರ್ಚ್ 7, ಶನಿವಾರ

ವಿಲ್ಮರ್ ಜೊತೆ ಭೇಟಿಗೆ ಹೋದೆ. ಪ್ರೇಮಭೋಜನಕ್ಕೆ ಮುಂಚೆ ನಮ್ಮಂಥ ಸಭೆಯ ಸೇವಕರು ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ ಮೂರು ಪ್ರಶ್ನೆ ಕೇಳುವುದು ಅಜ್ಜಂದಿರ ಕಾಲದ ರೂಢಿ. ಸುತ್ತಲಿನ ಸಭೆಗಳು ಬಿಟ್ಟಿವೆ. ನಾವು ಬಿಟ್ಟಿಲ್ಲ. ನಂಬಿಕೆಯಲ್ಲಿ ಇನ್ನೂ ನಿಂತಿದ್ದೀರಾ? ಗೊತ್ತಿದ್ದ ಮಟ್ಟಿಗೆ ಸಭೆಯ ಎಲ್ಲರೊಂದಿಗೂ ಸಮಾಧಾನವಾಗಿದ್ದೀರಾ? ಮುಂದೆಯೂ ನಮ್ಮೊಂದಿಗೆ ದುಡಿಯುತ್ತೀರಾ? ಎಲ್ಲರೂ ಹೌದು, ಹೌದು, ದೇವರು ನಡೆಸಿದರೆ ಹೌದು ಅನ್ನುತ್ತಾರೆ. ಆಮೇಲೆ ಕಾಫಿ, ಪೈ. ವಿಲ್ಮರ್‌ಗೆ ಎಪ್ಪತ್ತೆರಡು. ಪೈ ಇರುವ ಮನೆಗಳನ್ನು ಮಧ್ಯಾಹ್ನಕ್ಕೆ ಬರುವಂತೆ ಜೋಡಿಸುತ್ತಾರೆ.

ಕೊನೆಗೆ ಆರ್ಡಿತ್ ಬರ್ಕೆಟ್ ಮನೆ. ಎಂಬತ್ತನಾಲ್ಕು ಈಗ. ನಾನು ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಕಿವಿ ಹಿಂಡಿದವರು. ಪ್ರಶ್ನೆ ಮುಗಿಯದೆ ಕಾಫಿ ಕೊಡುವುದಿಲ್ಲ. ಇವತ್ತೂ ಕೆಟಲ್ ಆರಿಸಿಯೇ ಕೂತರು.

ಮೊದಲ ಪ್ರಶ್ನೆ, ನಂಬಿಕೆಯಲ್ಲಿ ಇನ್ನೂ ನಿಂತಿದ್ದೀರಾ.

"ಈ ಮೊಣಕಾಲು ಇಟ್ಕೊಂಡು ಬೇರೆಲ್ಲಿ ಹೋಗಿ ನಿಂತ್ಕೊಳ್ಳಲಿ?"

ವಿಲ್ಮರ್ ಅದನ್ನು ಹೌದು ಎಂದು ತೆಗೆದುಕೊಂಡರು. ನಾನು ಎರಡನೆಯದು ಕೇಳಿದೆ. ಎಲ್ಲರೊಂದಿಗೂ ಸಮಾಧಾನವಾ, ಸಿಸ್ಟರ್?

"ಒಬ್ಬರನ್ನ ಬಿಟ್ಟು."

ನಾನು ಪೆದ್ದಿಯ ಹಾಗೆ ಇನ್ನೊಮ್ಮೆ ಕೇಳಿದೆ. ಇನ್ನೊಮ್ಮೆ ಅದೇ ಹೇಳಿದರು. ಯಾರು ಎಂದರೆ, "ಅದು ನಂಗೂ ಅವರಿಗೂ ಬಿಟ್ಟದ್ದು" ಎಂದರು. ವಿಲ್ಮರ್ ತಮ್ಮ ಟೋಪಿಯೊಳಗೆ ಏನೋ ಬಿದ್ದಂತೆ ನೋಡುತ್ತ ಕೂತಿದ್ದರು. ಹಾಗಾದರೆ ಗುರುವಾರ ಬರುವುದು ಹೇಗೆ ಅಂದೆ.

"ಬರಲ್ಲ. ಮನಸ್ಸಲ್ಲಿ ಕಲ್ಲಿಟ್ಕೊಂಡು ಆ ಮೇಜಿಗೆ ಕೂರಬಾರದು ಅಂತ ನಿಂಗೆ ಕಲಿಸಿದ್ದೇ ನಾನು."

ತೊರೆಯಲ್ಲಿ ದೀಕ್ಷಾಸ್ನಾನವಾದ ಹುಡುಗಿ ವಯಸ್ಸಿನಿಂದ ಆರ್ಡಿತ್ ಒಂದು ಪ್ರೇಮಭೋಜನವನ್ನೂ ತಪ್ಪಿಸಿಲ್ಲ. ಹಸುಗೂಸು ಎತ್ತಿಕೊಂಡು ಬಂದಿದ್ದಾರೆ. ಗಂಡನನ್ನು ಮಣ್ಣು ಮಾಡಿದ ವಾರ ಬಂದಿದ್ದಾರೆ. ಈಗ ಬರಲ್ಲ. ಈ ವಯಸ್ಸಿನಲ್ಲಿ ಮುಂದಿನ ವರ್ಷ ಎಂದು ಯಾರು ಹೇಳಬಹುದು?

ಯಾರಿರಬಹುದು? ಆ ಮುದುಕಿಯ ಮನಸ್ಸು ನೋಯಿಸಲು ಯಾರಿಗೆ ಮನಸ್ಸು ಬಂತು? ಪತ್ತೆ ಮಾಡುತ್ತೇನೆ. ಇಬ್ಬರನ್ನೂ ಕೂರಿಸಿ ಸರಿ ಮಾಡುತ್ತೇನೆ. ಬರೆಯಲು ನಾಚಿಕೆ — ಮನೆಗೆ ಡ್ರೈವ್ ಮಾಡುವಾಗ ಒಂಥರಾ ಹುರುಪಿತ್ತು.

ಮಾರ್ಚ್ 11, ಬುಧವಾರ

ವಿಚಿತ್ರ ವಾರ.

ಮೊದಲು ಆರ್ಗನ್ ನುಡಿಸುವ ಡೊಲೊರೆಸ್. ನಯವಾಗಿಯೇ ಕೇಳಿದೆ — ಆರ್ಡಿತ್‌ಗೆ ಯಾರಿಂದಲೋ ಬೇಜಾರಾಗಿದೆಯಂತೆ, ನಿಮಗೇನಾದರೂ ಗೊತ್ತಾ? ಆಕೆ ಮುಖ ಮುಚ್ಚಿಕೊಂಡರು. ಆರ್ಡಿತ್ ಇಷ್ಟಪಡುವ ಹಳೆಯ ನಿಧಾನದ ಹಾಡುಗಳನ್ನು ಬೇಕೆಂದೇ ಬಿಡುತ್ತಿದ್ದರಂತೆ, ಪೆಡಲ್ ತುಳಿದು ಕಾಲು ನೋಯುತ್ತದೆ ಅಂತ. ಪುಸ್ತಕದಲ್ಲಿ ಆ ಪುಟವೇ ಇಲ್ಲ ಎಂದು ಸುಳ್ಳು ಬೇರೆ ಹೇಳಿದ್ದಾರೆ.

ಆಮೇಲೆ ಮೆರ್ಲ್. ಹಿಮ ತಳ್ಳುವ ಗಾಡಿಯಿಂದ ಆರ್ಡಿತ್ ಮನೆ ಮುಂದಿನ ಕಂಬದ ಪೋಸ್ಟ್ ಡಬ್ಬಿ ಉರುಳಿಸಿದವನು ಅವನೇ. ಜನವರಿಯಲ್ಲಿ. ಟೌನ್‌ಶಿಪ್‌ನವರ ಗಾಡಿ ಗುದ್ದಿತು ಎಂದು ಹೇಳಿ ಸುಮ್ಮನಿದ್ದ.

ಪಾಸ್ಟರ್ ಟ್ರೆವರ್ ಕಿವಿಯವರೆಗೆ ಕೆಂಪಾದರು. ಆರ್ಡಿತ್ ಕಣ್ಣಿನ ಆಪರೇಷನ್ ದಿನ ಬರುತ್ತೇನೆಂದು ಹೇಳಿ ಮರೆತಿದ್ದರಂತೆ. ಮರುದಿನ ಹೋಗಿ, ನಿನ್ನೆ ಬಂದಿದ್ದೆ, ನೀವು ನಿದ್ದೆಯಲ್ಲಿದ್ದಿರಿ ಅಂದರಂತೆ. ಸಭಾಪಾಲಕರು.

ನಾನು ಕೇಳಿದವರಿಗೆಲ್ಲ ಏನಾದರೊಂದು ಇತ್ತು. ಕೇಳುವುದಕ್ಕೇ ಕಾದಿದ್ದಂತೆ ಹೇಳಿದರು. ನಾನು ಒಬ್ಬೊಬ್ಬರ ಭುಜ ತಟ್ಟಿ ಬಂದೆ. ಪಾಪ, ಮನುಷ್ಯರು ಅಂದುಕೊಂಡೆ.

ಪೋಸ್ಟ್ ಡಬ್ಬಿಯೇ ಇರಬೇಕು ಎಂದು ಸಂಜೆ ಆರ್ಡಿತ್‌ಗೆ ಫೋನ್ ಮಾಡಿ ಸುತ್ತಿ ಬಳಸಿ ಕೇಳಿದೆ.

"ಮೆರ್ಲ್ ಗಾಡಿ ಬಣ್ಣ ಡಬ್ಬಿ ಮೇಲಿತ್ತು ಮಾರಾಯ್ತಿ. ಅವತ್ತು ಬೆಳಿಗ್ಗೆನೇ ಗೊತ್ತು. ಅಷ್ಟಕ್ಕೆಲ್ಲ ಮುನಿಸ್ಕೊಳ್ತಾ ಕೂತ್ರೆ ಈ ಊರಲ್ಲಿ ಬದುಕೋದು ಹೇಗೆ?"

ಹಾಡೂ ಅಲ್ಲ. ಪಾಸ್ಟರೂ ಅಲ್ಲ. ನಿದ್ದೆಯಲ್ಲಿರಲಿಲ್ಲ, ಪದಬಂಧ ಬಿಡಿಸುತ್ತಿದ್ದೆ ಅಂದರು.

ಮಾರ್ಚ್ 14, ಶನಿವಾರ

ಉಳಿದ ಮನೆಗಳ ಭೇಟಿ. ಕಾರಿನಲ್ಲಿ ವಿಲ್ಮರ್‌ಗೆ ನನ್ನ ಪತ್ತೇದಾರಿಯನ್ನೆಲ್ಲ ಹೇಳಿದೆ. ಎಲ್ಲರನ್ನೂ ಕೇಳಿದೆ, ಯಾರೂ ಅಲ್ಲ, ಇನ್ನು ದಾರಿ ಕಾಣದು ಅಂದೆ. ಅವರು ಕಿತ್ತಳೆ ಸುಲಿಯುತ್ತಿದ್ದರು. ಸಿಪ್ಪೆ ಒಂದೇ ಉದ್ದಕ್ಕೆ ಬರಬೇಕು ಅವರಿಗೆ.

"ಎಲ್ಲರನ್ನೂ ಕೇಳಿದ್ಯಾ?"

ಎಲ್ಲರನ್ನೂ.

"ಒಬ್ರು ಉಳಿದಿದಾರೆ ಅನ್ಸುತ್ತೆ."

ಯಾರು ಎಂದೆ. ಅರ್ಧ ಕಿತ್ತಳೆ ನನ್ನ ಕಡೆ ಚಾಚಿದರು. ಸಿಗ್ನಲ್ ಕೆಂಪಿತ್ತು. ಆಮೇಲೆ ಮೆಲ್ಲಗೆ ಕೇಳಿದರು, ಭೋಜನದ ರೊಟ್ಟಿ ಈಗ ಯಾರು ಮಾಡ್ತಾರೆ ಅಂತ.

ನಾನು ಮಾಡುತ್ತೇನೆ. ಹೋದ ವರ್ಷದ ಪವಿತ್ರ ಗುರುವಾರದ ನಂತರ ಹೊಣೆ ನಂದು. ವರ್ಷದ ಎರಡನೇ ಭೋಜನ ಅಕ್ಟೋಬರಿನಲ್ಲಿ, ಅದಕ್ಕೆ ನಾನೇ ಮಾಡಿದೆ. ಅದಕ್ಕೆ ಮುಂಚೆ ನಲವತ್ತು ವರ್ಷ ಆರ್ಡಿತ್.

ಸಿಗ್ನಲ್ ಹಸಿರಾಗಿ ಹಿಂದಿನವರು ಹಾರ್ನ್ ಹೊಡೆದರು.

ಅದೇ ದಿನ, ರಾತ್ರಿ ಊಟದ ನಂತರ

ನೆನಪು ಮಾಡಿಕೊಳ್ಳುತ್ತಿದ್ದೇನೆ. ಹೋದ ವರ್ಷ ಆರ್ಡಿತ್ ಮಾಡಿದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಸೀದದ್ದು. ಕೈ ನಡುಗುತ್ತದೆ. ಮುರಿಯಲು ಹಾಕುವ ಗೆರೆ ಹಾವು ಹರಿದಂತೆ. ಪಾತ್ರೆ ತೊಳೆಯುವಾಗ ನಾನೇ ಹೇಳಿದೆ — ಸಿಸ್ಟರ್, ಎಷ್ಟು ವರ್ಷ ದುಡಿದಿದ್ದೀರಿ, ಇನ್ನು ಹಾಯಾಗಿ ಕೂತು ಭೋಜನ ಮಾಡಿ, ರೊಟ್ಟಿ ನಾನು ನೋಡಿಕೊಳ್ಳುತ್ತೇನೆ. ಮುಂದಿನ ಭಾನುವಾರ ಎಲ್ಲರೆದುರು ಎಬ್ಬಿಸಿ ನಿಲ್ಲಿಸಿ ಹೂಗುಚ್ಛ ಕೊಟ್ಟೆ. ಚಪ್ಪಾಳೆಯಾಯಿತು. ಅವರು ನಕ್ಕರು. ನಕ್ಕರು ಅಂತಲೇ ನನ್ನ ನೆನಪು.

ಅವರನ್ನು ಕೇಳಿದೆನಾ? ಇಲ್ಲ. ಹೇಳಿದೆ. ಪಾಸ್ಟರ್‌ಗೆ ಮೊದಲು ಹೇಳಿ, ಆಮೇಲೆ ಅವರಿಗೆ ಹೇಳಿದೆ.

ಅವರ ತಾಯಿಯ ಕಾಲದ, ಮೂಳೆ ಹಿಡಿಯ, ಮೂರು ಹಲ್ಲಿನ ಫೋರ್ಕ್ ಒಂದಿತ್ತು. ರೊಟ್ಟಿಗೆ ತೂತು ಚುಚ್ಚುವುದು ಅದರಲ್ಲೇ. ನಾನು ಮುಳ್ಳಿನ ಉರುಳೆ ತರಿಸಿದೆ, ಸ್ಟೀಲಿನದು. ತೂತುಗಳು ಸಾಲಾಗಿ ಬರುತ್ತವೆ. ಫೋರ್ಕ್ ಎಲ್ಲಿಟ್ಟೆ? ಚರ್ಚಿನ ಅಡುಗೆಮನೆಯ ಡ್ರಾಯರ್‌ನಲ್ಲಿ, ರಬ್ಬರ್ ಬ್ಯಾಂಡ್‌ಗಳ ಜೊತೆ.

ಕರ್ಟ್‌ನನ್ನು ಕೇಳಿದೆ, ರೊಟ್ಟಿ ನಿಜಕ್ಕೂ ಕೆಟ್ಟಿತ್ತಾ ಅಂತ.

"ಕೆಟ್ಟಿತ್ತು. ಅದಕ್ಕೇನೀಗ?"

ಮಾರ್ಚ್ 16, ಸೋಮವಾರ

ಕೆಲಸ ಮುಗಿಸಿ ನೇರ ಆರ್ಡಿತ್ ಮನೆಗೆ. ಆಪಲ್ ಪೈ ಮಾಡಿ ಒಯ್ದಿದ್ದೆ. ಕ್ಷಮಿಸಿ ಅಂದೆ. ನಿಮಗೆ ನೋವಾಗಿದ್ದರೆ ಕ್ಷಮಿಸಿ ಅಂದೆ. ನಿಮ್ಮ ಆರೋಗ್ಯ ಯೋಚಿಸಿಯೇ ಮಾಡಿದ್ದು, ಪಾಸ್ಟರೂ ಒಪ್ಪಿದ್ದರು, ನಿಮ್ಮ ಕೈಗೂ ಕಷ್ಟ, ಓವನ್ ಬಾಗಿಲೂ ಭಾರ... ಎಲ್ಲ ಹೇಳಿದೆ. ಎಲ್ಲವೂ ಸತ್ಯ.

ಅವರು ಪೂರ್ತಿ ಕೇಳಿದರು. ಆಮೇಲೆ, "ಜನೆಲ್, ನೀನು ಕ್ಷಮೆ ಕೇಳ್ತಿಲ್ಲ. ರಿಪೋರ್ಟ್ ಕೊಡ್ತಿದೀಯ."

ಪೈ ತೆಗೆದುಕೊಂಡರು. ತಟ್ಟೆ ತೊಳೆದು ಆಮೇಲೆ ಕಳಿಸುತ್ತೇನೆ ಅಂದರು. ಗುರುವಾರದ ಮಾತು ಎತ್ತಲಿಲ್ಲ.

ಮಾರ್ಚ್ 24, ಮಂಗಳವಾರ

ಬರೆಯಲಿಲ್ಲ ಇಷ್ಟು ದಿನ. ಸಿಟ್ಟಿನಲ್ಲಿದ್ದೆ.

ಯಾಕೆ ಸಿಟ್ಟು? ನಾನು ಹೇಳಿದ್ದು ಸರಿಯಾಗಿತ್ತು. ಅವರಿಗೆ ಕೈ ಆಗುವುದಿಲ್ಲ. ಯಾರಾದರೂ ಹೇಳಲೇಬೇಕಿತ್ತು. ವರ್ಷವಿಡೀ ಮುನಿಸು ನುಂಗಿಕೊಂಡು ಕೂತದ್ದು ಅವರ ತಪ್ಪಲ್ಲವಾ? ನನಗೇ ಬಂದು ಹೇಳಬಹುದಿತ್ತಲ್ಲ, ಬೈಬಲ್ ವಾಕ್ಯದಲ್ಲಿ ಹಾಗೇ ಇದೆ.

ಬೆಳಿಗ್ಗೆ ಒಬ್ಬ ಪೇಷಂಟ್ ಬಾಯಲ್ಲಿ ಸಕ್ಷನ್ ಕೊಳವೆ ಇಟ್ಟುಕೊಂಡೇ, ದಿನಾ ಫ್ಲಾಸ್ ಮಾಡ್ತೀನಿ, ಬ್ರಶ್ ಗಟ್ಟಿ, ಪೇಸ್ಟ್ ಬೇರೆ ಹೊಸದು, ಅದಕ್ಕೇ ರಕ್ತ ಅಂದ. ನಾನು ಎಂದಿನಂತೆ ಹೂಂ ಅಂದೆ. ಪುಟ್ಟ ಕನ್ನಡಿ ಬಾಯೊಳಗಿಡುವಾಗ ಥಟ್ಟನೆ ಅನಿಸಿತು — ಈ ದನಿ ಎಲ್ಲೋ ಕೇಳಿದ್ದೇನೆ. ಆರ್ಡಿತ್ ಮನೆಯಲ್ಲಿ. ನನ್ನದೇ.

ಮಾರ್ಚ್ 26, ಗುರುವಾರ

ತಪ್ಪು ದೊಡ್ಡದಲ್ಲ. ಅದು ನನಗೂ ಗೊತ್ತು. ರೊಟ್ಟಿ ಮಾಡುವ ಕೆಲಸ ಕಿತ್ತುಕೊಂಡೆ, ಹೂವು ಕೊಟ್ಟು. ಇಷ್ಟಕ್ಕೆ ಯಾರೂ ಶಿಲುಬೆ ಏರಬೇಕಾಗಿಲ್ಲ ಅನಿಸುತ್ತದೆ.

ಆದರೆ ಹೆದರಿಸಿದ್ದು ತಪ್ಪಲ್ಲ, ಆ ಕ್ಷಮಾಪಣೆ. ಮನಃಪೂರ್ವಕ ಹೋಗಿದ್ದೆ. ಒಳ್ಳೆಯ ಮನಸ್ಸಿನಿಂದ ಬಾಯಿ ತೆರೆದರೆ ಹೊರಬಂದದ್ದು ವಕೀಲರ ವಾದ. ತೊಳೆಯಲು ಹೋದ ನೀರೇ ಕೊಳೆ ಇದ್ದ ಹಾಗೆ. ಇನ್ನೊಮ್ಮೆ ಹೋದರೂ ಹಾಗೇ ಆಗುತ್ತದೆ, ಇನ್ನೂ ನಯವಾಗಿ. ಕನ್ನಡಿ ಮುಂದೆ ಹೇಳಿ ನೋಡಿದೆ. ಪ್ರತಿ ಸಲವೂ ಒಂದು 'ಆದರೆ' ನುಸುಳುತ್ತದೆ. ಅದನ್ನು ತೆಗೆಯಲು ನನ್ನಿಂದ ಆಗುತ್ತಿಲ್ಲ.

ನನ್ನಿಂದ ಆಗುತ್ತಿಲ್ಲ. ಈ ಮಾತು ಬರೆದು ಸ್ವಲ್ಪ ಹೊತ್ತು ನೋಡುತ್ತ ಕೂತಿದ್ದೆ. ಈ ಕೈಯಲ್ಲಿ ಹಿಂದೆ ಯಾವಾಗ ಬರೆದಿದ್ದೆ ಇದನ್ನು?

ಮಾರ್ಚ್ 29, ಗರಿಗಳ ಭಾನುವಾರ

ಆರ್ಡಿತ್ ಬಂದಿದ್ದರು, ಎಂದಿನ ಬೆಂಚು. ಮಕ್ಕಳು ಗರಿ ಹಿಡಿದು ಒಬ್ಬರ ಕಣ್ಣಿಗೊಬ್ಬರು ಚುಚ್ಚುತ್ತ ಸುತ್ತು ಹಾಕಿದರು. ಡೊಲೊರೆಸ್ ಹಳೆಯ ನಿಧಾನದ ಹಾಡೊಂದನ್ನು ನುಡಿಸಿದರು, ಎಲ್ಲ ಚರಣ. ಮೆರ್ಲ್ ಹೊಸ ಪೋಸ್ಟ್ ಡಬ್ಬಿ ನೆಟ್ಟಿದ್ದಾನಂತೆ, ಹಳೆಯದಕ್ಕಿಂತ ಎತ್ತರ. ಆರ್ಡಿತ್‌ಗೆ ಕೈ ಎಟುಕುವುದಿಲ್ಲ.

ಪಾಸ್ಟರ್ ಟ್ರೆವರ್ ಬಾಗಿಲಲ್ಲಿ, ಮಾತು ತಯಾರಾ ಎಂದರು. ಆಗುತ್ತಿದೆ ಅಂದೆ. ಸುಳ್ಳು. ಈಗ ಸುಳ್ಳೂ ಬಂತು.

ಆರ್ಡಿತ್ ಹಾದು ಹೋಗುವಾಗ ಪೈ ತಟ್ಟೆ ಕೊಟ್ಟರು. ತೊಳೆದು, ಒರೆಸಿ, ಮೇಲೊಂದು ಬಟ್ಟೆ ಮುಚ್ಚಿ. ಖಾಲಿ ತಟ್ಟೆ ವಾಪಸ್ ಕೊಡುವುದು ನಮ್ಮಲ್ಲಿ ಇಲ್ಲ. ಬಟ್ಟೆ ತೆಗೆದು ನೋಡಿದೆ. ಖಾಲಿ.

ಏಪ್ರಿಲ್ 1, ಬುಧವಾರ

ರೊಟ್ಟಿ ಮಾಡುವ ದಿನ. ಇವತ್ತಿನದು ಬರೆಯಲೇಬೇಕು.

ಕ್ಲಿನಿಕ್‌ಗೆ ರಜೆ ಹಾಕಿ ಬೆಳಿಗ್ಗೆಯೇ ಚರ್ಚಿನ ಅಡುಗೆಮನೆಗೆ ಹೋದೆ, ಒಬ್ಬಳೇ. ಬೆಣ್ಣೆ, ಕೆನೆ, ಸ್ವಲ್ಪ ಸಕ್ಕರೆ, ಹಿಟ್ಟು. ಈ ರೊಟ್ಟಿಗೆ ಹುಳಿಹಿಟ್ಟು ಹಾಕಬಾರದು, ಸೋಡಾ ಸೋಕಬಾರದು. ಚಪ್ಪಟೆ ಇರಬೇಕು. ಹುಳಿ ಅಂದರೆ ಪಾಪ ಎಂದು ಆರ್ಡಿತ್ ಸಂಡೇ ಸ್ಕೂಲಿನಲ್ಲಿ ಹೇಳಿಕೊಟ್ಟದ್ದು. ಚೂರು ಬಿದ್ದರೆ ಇಡೀ ಕಣಕವನ್ನು ಉಬ್ಬಿಸುತ್ತದೆ. ನಾದಿದೆ, ಲಟ್ಟಿಸಿದೆ, ಸ್ಕೇಲ್ ಇಟ್ಟು ಪಟ್ಟಿ ಕತ್ತರಿಸಿದೆ, ಉರುಳೆ ಆಡಿಸಿದೆ. ನೋಡಲು ಅಚ್ಚುಕಟ್ಟು. ಓವನ್‌ಗೆ ಹಾಕಿ ಕಪ್‌ಗಳನ್ನು ಒರೆಸುತ್ತ ನಿಂತೆ.

ಬಾಗಿಲು ತೆರೆದರೆ ಉಬ್ಬಿವೆ. ಎಲ್ಲವೂ. ದಿಂಬಿನ ಹಾಗೆ. ನನ್ನ ಸಾಲು ತೂತುಗಳು ಮುಚ್ಚಿ ಹೋಗಿವೆ.

ಹಿಟ್ಟಿನ ಚೀಲ ತಿರುಗಿಸಿ ನೋಡಿದೆ. ಗಂಡಸರು ಶನಿವಾರದ ಪ್ಯಾನ್‌ಕೇಕ್‌ಗೆ ತಂದಿಟ್ಟ, ಉಬ್ಬುವ ಪುಡಿ ಮೊದಲೇ ಬೆರೆಸಿದ ಹಿಟ್ಟು. ಮೊದಲು ಕರ್ಟ್‌ನನ್ನು ಬೈದುಕೊಂಡೆ, ಆ ಶೆಲ್ಫಿನಲ್ಲಿ ಇಟ್ಟವನು ಅವನೇ. ಆಮೇಲೆ ಯೋಚಿಸಿದೆ. ಚೀಲ ತೆಗೆದದ್ದು ನಾನು, ಕತ್ತರಿಸಿದ್ದು ನಾನು, ಡಬ್ಬಿಗೆ ಸುರಿದದ್ದು ನಾನು. ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದೆ. ಓದಲಿಲ್ಲ. ಓದಬೇಕು ಅನ್ನಿಸಲೇ ಇಲ್ಲ, ನಾನು ತಪ್ಪುವವಳಲ್ಲವಲ್ಲ.

ಬೆಣ್ಣೆ ಮುಗಿದಿತ್ತು. ಕೈ ಸೋತಿತ್ತು. ಸಂಜೆ ಸಾರಿಗೆ ಮಾಂಸ ಬೇಯಿಸಲು ಹೆಂಗಸರು ಬರುತ್ತಾರೆ, ಓವನ್ ಬಿಟ್ಟುಕೊಡಬೇಕು. ಇನ್ನು ಈ ರೊಟ್ಟಿ ಕೈಹತ್ತಿದವರು ಸಭೆಯಲ್ಲಿ ಒಬ್ಬರೇ. ಬೇರೆ ದಾರಿ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಅಂಗಡಿಯ ಕ್ರ್ಯಾಕರ್ ಕೂಡ ಯೋಚಿಸಿದೆ.

ಫೋನ್ ಮಾಡಿದೆ. ಸಿಸ್ಟರ್, ರೊಟ್ಟಿ ಕೆಟ್ಟಿತು, ಬರುತ್ತೀರಾ ಅಂದೆ. ಅಷ್ಟೇ ಬಂತು ಬಾಯಿಗೆ.

"ಬೆಣ್ಣೆ ಇದೆಯಾ?"

ಇಲ್ಲ.

"ತರ್ತೀನಿ. ನೀನು ಬಂದು ಕರ್ಕೊಂಡು ಹೋಗು, ನಂಗೆ ಈ ಬಿಸಿಲಿಗೆ ಕಣ್ಣು ಕುಕ್ಕುತ್ತೆ."

ಅವರ ಬಾಗಿಲಲ್ಲಿ ನಿಂತಾಗ ಏಪ್ರನ್‌ಗೆಲ್ಲ ಹಿಟ್ಟು. ಆರ್ಡಿತ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೀನು ನನ್ನ ಬಾಗಿಲಿಗೆ ಬರೀ ಕೈಯಲ್ಲಿ ಬಂದದ್ದು ಇದೇ ಮೊದಲು ಎಂದರು. ನಿಜ. ಯಾವಾಗಲೂ ಏನಾದರೂ ಹಿಡಿದೇ ಹೋಗುತ್ತೇನೆ. ಯಾರ ಮನೆಗಾದರೂ.

ಅಲ್ಲೇ ಹೇಳಿದೆ. ಮೆಟ್ಟಿಲ ಮೇಲೆ. ತಯಾರಿ ಇರಲಿಲ್ಲ.

"ನಿಮ್ಮ ಕೆಲಸ ಕಿತ್ಕೊಂಡೆ ಸಿಸ್ಟರ್. ನಿಮ್ಮನ್ನ ಒಂದು ಮಾತೂ ಕೇಳಲಿಲ್ಲ. ಈಗಲೂ ನಿಮಗೋಸ್ಕರ ಬಂದಿಲ್ಲ, ರೊಟ್ಟಿಗೋಸ್ಕರ ಬಂದಿದೀನಿ. ನಂಗೆ ಇದಕ್ಕಿಂತ ಚೆನ್ನಾಗಿ ಕೇಳೋಕೆ ಬರ್ತಿಲ್ಲ."

ಅವರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಕೈ ನಡುಗಿ ಒಂದು ಸಿಗುತ್ತಿರಲಿಲ್ಲ. ಹಾಕಲು ಹೋದೆ. ತಡೆದುಕೊಂಡೆ. ಅವರೇ ಹಾಕಿಕೊಂಡರು, ನಿಧಾನಕ್ಕೆ.

"ಸಾಕು," ಅಂದರು. "ಇಷ್ಟೇ ಬೇಕಿತ್ತು."

ಅಡುಗೆಮನೆಯಲ್ಲಿ ಉಬ್ಬಿದ ರೊಟ್ಟಿಗಳನ್ನು ನೋಡಿ ಅವರ ಹೊಟ್ಟೆ ಕುಲುಕಿತು. ನಗು ಬಾಯಿಗೆ ಬರಲು ತಡವಾಯಿತು. ಕುರ್ಚಿ ಹಿಡಿದು ಕೂತು, ನಂದೂ ಒಂದಿದೆ ಕೇಳು ಅಂದರು.

"ಅಕ್ಟೋಬರಿಂದ ಪ್ರಾರ್ಥನೆ ಮಾಡ್ತಿದ್ದೆ. ನಿನ್ನ ರೊಟ್ಟಿ ಸೀದು ಹೋಗ್ಲಿ ಅಂತ. ಕರ್ತನ ಮುಂದೆ, ಮೊಣಕಾಲೂರಿ. ಉಬ್ಬಲಿ ಅಂತ ಮಾತ್ರ ಕೇಳಿರಲಿಲ್ಲ."

ಆಮೇಲೆ ಇಬ್ಬರಿಗೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು. ಅವರ ಕಣ್ಣಲ್ಲಿ ನೀರು ಬಂದು ಕನ್ನಡಕ ತೆಗೆದರು. ಒರೆಸಿಕೊಳ್ಳುತ್ತ, ಆದರೆ ನಗದೆ, ಹೇಳಿದರು. ಹಾಗೆ ಪ್ರಾರ್ಥಿಸುವವಳು ಮೇಜಿಗೆ ಹೇಗೆ ಬರಲಿ ಅಂತಲೇ ನಾನು ಬರಲ್ಲ ಅಂದದ್ದು, ನಿನ್ನ ಮೇಲಿನ ಸಿಟ್ಟಿಗೆ ಅಷ್ಟೇ ಅಲ್ಲ.

ರೊಟ್ಟಿ ಮಾಡುವಾಗ ಮಾತಾಡುವಂತಿಲ್ಲ, ಅದು ಅವರ ಕಾಲದ ನಿಯಮ. ಇನ್ನೊಬ್ಬರ ಸುದ್ದಿ ಹಿಟ್ಟಿಗೆ ಸೇರಬಾರದು. ಮೊದಲು ಸಣ್ಣ ಪ್ರಾರ್ಥನೆ, ಆಮೇಲೆ ಮೌನ. ನಾನು ನಾದಿದೆ, ಅವರು ಚುಚ್ಚಿದರು. ಡ್ರಾಯರ್‌ನಿಂದ ಫೋರ್ಕ್ ತೆಗೆದು, ರಬ್ಬರ್ ಬ್ಯಾಂಡ್ ಬಿಡಿಸಿ ಕೊಟ್ಟಿದ್ದೆ. ಇಸಿದುಕೊಂಡರು. ಗೆರೆಗಳು ಸೊಟ್ಟ. ಸ್ಕೇಲ್ ಕಣ್ಣೆದುರೇ ಇತ್ತು. ಮುಟ್ಟಲಿಲ್ಲ.

ಚಪ್ಪಟೆಯಾಗಿ ಬಂದವು. ಒಂದೆರಡು ಅಂಚು ಸೀದಿವೆ. ಅವು ನಿಮ್ಮ ಪ್ರಾರ್ಥನೆಯ ಫಲ ಅಂತ ಅನ್ನಬೇಕೆಂದಿದ್ದೆ, ಮೌನ ಇತ್ತಲ್ಲ.

ಏಪ್ರಿಲ್ 3, ಶುಭ ಶುಕ್ರವಾರ, ಬೆಳಿಗ್ಗೆ

ಎದ್ದ ಕೂಡಲೇ ಬರೆಯುತ್ತಿದ್ದೇನೆ. ಕರ್ಟ್ ಮಲಗಿದ್ದಾನೆ.

ನಿನ್ನೆ ಆರ್ಡಿತ್ ಬಂದರು. ಬಿಳಿ ಪ್ರಾರ್ಥನಾ ಟೊಪ್ಪಿಗೆ, ಇಸ್ತ್ರಿ ಹಾಕಿದ್ದು. ವಿಲ್ಮರ್ ಬಾಗಿಲಲ್ಲೇ ನೋಡಿ, ಟೋಪಿಯಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು. ಕೆಮ್ಮಲ್ಲ ಅದು.

ನನ್ನ ಮಾತಿನ ಹೊತ್ತು ಬಂತು. ಕೈಯಲ್ಲಿ ಏನೂ ಇರಲಿಲ್ಲ. ನಾನು ಹೇಳಿದ್ದು ಇಷ್ಟೇ, ನೆನಪಿದ್ದಂತೆ. ಇಪ್ಪತ್ತು ವರ್ಷದಿಂದ ಈ ಊರಿನ ಹಲ್ಲು ಕ್ಲೀನ್ ಮಾಡುತ್ತಿದ್ದೇನೆ. ಉಪಕರಣ ಎಲ್ಲ ನನ್ನ ಹತ್ತಿರ ಇದೆ, ವಿದ್ಯೆಯೂ ಇದೆ. ಆದರೂ ನನ್ನ ಹಲ್ಲು ನಾನೇ ಕ್ಲೀನ್ ಮಾಡಿಕೊಳ್ಳಲಾರೆ. ನಾನೂ ಇನ್ನೊಬ್ಬರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಬೇಕು. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ನಮ್ಮಲ್ಲಿ ಒಬ್ಬರಿಗೆ ನೋವು ಕೊಟ್ಟವರು ಯಾರೆಂದು ಹೋದ ತಿಂಗಳು ಮನೆಮನೆ ಹುಡುಕಿದೆ, ಒಬ್ಬರನ್ನು ಬಿಟ್ಟು. ಆ ಒಬ್ಬಳು ಒಳ್ಳೆಯವಳು ಅಂತಲೇ ನಾನು ಈಗಲೂ ನಂಬುತ್ತೇನೆ. ಆದರೆ ತನ್ನ ಒಳ್ಳೆಯತನದಿಂದ ತನ್ನನ್ನೇ ಬಿಡಿಸಿಕೊಳ್ಳಲು ಅವಳಿಂದ ಆಗಲಿಲ್ಲ. ಅದಕ್ಕೆ ಹೊರಗಿನಿಂದ ಯಾರಾದರೂ ಬರಬೇಕಾಯಿತು. ಬಂದವನು ಇದ್ದಾನೆ ಅನ್ನುವುದು ನನಗೆ ಈ ವರ್ಷ ಮೊದಲ ಸಲ ಸಮಾಚಾರದ ಹಾಗೆ ಕೇಳಿಸಿತು.

ಕೂತೆ. ಪಾಸ್ಟರ್ ಟ್ರೆವರ್ ಇನ್ನೂ ಇದೆ ಅಂದುಕೊಂಡು ಕಾದರು.

ಆಮೇಲೆ ಹೆಂಗಸರೆಲ್ಲ ಹೆಂಗಸರ ಕೋಣೆಗೆ. ವೃತ್ತದಲ್ಲಿ ಕುರ್ಚಿ, ಮಧ್ಯೆ ಬೋಗುಣಿ. ಒಬ್ಬರು ಪಕ್ಕದವರ ಪಾದ ತೊಳೆದು, ಒರೆಸಿ, ಕೆನ್ನೆಗೆ ಮುತ್ತಿಟ್ಟು ಟವೆಲ್ ದಾಟಿಸಬೇಕು. ಅವರು ಮುಂದಿನವರದು ತೊಳೆಯಬೇಕು. ನಾನು ಎಂದಿನಂತೆ ಬಿಸಿನೀರಿನ ಹೂಜಿ ಎತ್ತಿಕೊಂಡೆ. ನೀರು ತರುವವಳು ವೃತ್ತದಲ್ಲಿ ಕೂರುವುದಿಲ್ಲ, ಆರುವ ಮುಂಚೆ ಬದಲಿಸುತ್ತ ಇರಬೇಕು. ಸೇವಕಿಯಾದ ವರ್ಷದಿಂದ ನೀರು ನನ್ನದೇ. ಒಳ್ಳೆಯ ಕೆಲಸ. ಎಲ್ಲರೂ ಮೆಚ್ಚುವ ಕೆಲಸ.

"ಹೂಜಿ ಡೊಲೊರೆಸ್‌ಗೆ ಕೊಡು," ಅಂದರು ಆರ್ಡಿತ್. ಪಕ್ಕದ ಕುರ್ಚಿ ತಟ್ಟಿದರು. "ನೀನು ಬಾ ಇಲ್ಲಿ."

ಡೊಲೊರೆಸ್ ಕಾಲು ನೋಯುತ್ತೆ ಅಂದೆ. ನೀರು ಬಿಸಿ ಇದೆ ಅಂದೆ. ನನ್ನ ಪಾದ ಬೆಳಗಿನಿಂದ ಶೂನಲ್ಲಿದೆ ಅಂದೆ. ನಿಮಗೆ ಬಗ್ಗಲು ಆಗಲ್ಲ ಅಂದೆ.

"ಕರ್ತ ಕಾಲು ತೊಳೆಯೋಕೆ ಬಂದಾಗ ಪೇತ್ರನೂ ಹೀಗೇ ಗಲಾಟೆ ಮಾಡಿದ್ದ. ಕಾಲ್ಚೀಲ ಬಿಚ್ಚು."

ಬಿಚ್ಚಿದೆ. ಎಷ್ಟು ವರ್ಷ ಆಯಿತು? ಯಾರಾದರೂ ನನ್ನ ಪಾದ ಮುಟ್ಟಿ. ಅವರು ಕುರ್ಚಿಯ ಅಂಚು ಹಿಡಿದು ಒಂದು ಮೊಣಕಾಲು ಊರಿದರು, ಸುಧಾರಿಸಿಕೊಂಡು ಆಮೇಲೆ ಇನ್ನೊಂದು. ಎತ್ತಲು ಹೋದ ನನ್ನ ಕೈಯನ್ನು ನಾನೇ ತೊಡೆಯ ಕೆಳಗೆ ಇಟ್ಟುಕೊಂಡೆ. ನಡುಗುವ ಕೈಯಲ್ಲಿ ನೀರು ನಿಲ್ಲುವುದಿಲ್ಲ. ಬೊಗಸೆಯಲ್ಲಿ ಎತ್ತಿದ್ದು ಅರ್ಧ ಚೆಲ್ಲುತ್ತದೆ. ಇನ್ನೊಮ್ಮೆ ಎತ್ತುತ್ತಾರೆ. ನೆಲವೆಲ್ಲ ಒದ್ದೆ, ನನ್ನ ಸ್ಕರ್ಟಿನ ಅಂಚು ಒದ್ದೆ. ನೀರು ಬೆಚ್ಚಗಿತ್ತು. ನಾನು ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂತಿದ್ದೆ. ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ, ಇಷ್ಟು ಹಿತವಾದದ್ದೂ.

ಮುತ್ತಿಡುವಾಗ ಅವರ ಕನ್ನಡಕ ನನ್ನ ಕೆನ್ನೆಗೆ ಒತ್ತಿತು. ಸೊಂಟದಿಂದ ಟವೆಲ್ ಬಿಚ್ಚಿ ನನಗೆ ಕಟ್ಟಿದರು. ಗಂಟು ಸರಿ ಬೀಳಲಿಲ್ಲ. ಹಾಗೇ ಬಿಟ್ಟೆ.

ಆಮೇಲೆ ಮಾಂಸದ ಸಾರು, ಅದರಲ್ಲಿ ನೆನೆದ ಬ್ರೆಡ್ಡು, ಒಂದೇ ಬೋಗುಣಿಯಿಂದ ನಾಲ್ಕು ಜನ. ಆಮೇಲೆ ರೊಟ್ಟಿ. ಒಬ್ಬರು ಇನ್ನೊಬ್ಬರಿಗೆ ಮುರಿದು ಕೊಡಬೇಕು, ಗೆರೆ ಇರುವಲ್ಲಿ. ಆರ್ಡಿತ್ ನನಗೆ ಮುರಿದರು. ಸೊಟ್ಟ ಗೆರೆ, ಅದರ ಪ್ರಕಾರ ಮುರಿಯಲಿಲ್ಲ. ನನ್ನ ಕೈಗೆ ಬಂದ ಚೂರು ನನ್ನ ಪಾಲಿಗಿಂತ ದೊಡ್ಡದು.

ಏಪ್ರಿಲ್ 4, ಶನಿವಾ‌ರ

ಟವೆಲ್ ಒಗೆಯಲು ಹಾಕಿದೆ. ಒಣಗಿದ ಮೇಲೆ ಬೀರುವಿಗೆ. ಅಕ್ಟೋಬರ್‌ವರೆಗೆ ಮತ್ತದೇ ವಾಸನೆ ಹಿಡಿಯಲಿ.

ಉಬ್ಬಿದ ರೊಟ್ಟಿಯನ್ನು ಕರ್ಟ್ ಆಪಲ್ ಬಟರ್ ಹಚ್ಚಿ ತಿನ್ನುತ್ತಿದ್ದಾನೆ, ಮೂರು ದಿನದಿಂದ. ಪ್ರತಿವರ್ಷ ಹೀಗೇ ಮಾಡು ಅನ್ನುತ್ತಾನೆ. ಅಸಿಸ್ಟೆಂಟ್ ಕೆಲಸ ಏನಾಯ್ತು ಎಂದು ಕೇಳಿದ. ಕೆಲಸದಿಂದ ತೆಗೆದರು ಅಂದೆ.

ಅಕ್ಟೋಬರ್ ರೊಟ್ಟಿಗೆ ನಾನು ನಾದುವುದು, ಅವರು ಚುಚ್ಚುವುದು. ಆರ್ಡಿತ್ ತೀರ್ಮಾನ. ನನ್ನನ್ನು ಕೇಳಲಿಲ್ಲ, ಹೇಳಿದರು. ಮಜಾ ಬಂತು.

ಇವತ್ತು ಮೆರ್ಲ್ ನೆಟ್ಟ ಪೋಸ್ಟ್ ಡಬ್ಬಿ ಇಳಿಸಲು ಹೋಗುವುದಿದೆ. ಬೇಡ ಅಂದರೂ ವಿಲ್ಮರ್ ಕಾರಿನಲ್ಲಿ ಆರ್ಡಿತ್ ತಾವೇ ನನ್ನನ್ನು ಕರೆದುಕೊಂಡು ಹೋಗಲು ಬರುತ್ತಾರಂತೆ. ಹಾರ್ನ್ ಕೇಳಿಸಿತು. ಅವರು ವಾಪಸ್ ಕೊಟ್ಟ ಪೈ ತಟ್ಟೆ ಮೇಜಿನ ಮೇಲಿದೆ. ಏನಾದರೂ ತುಂಬಿಸಿ ಒಯ್ಯಲಾ? ಫ್ರಿಜ್‌ನಲ್ಲಿ ಮೊಟ್ಟೆ ಇವೆ, ಒಂದು ಡಬ್ಬಿ ಜಾಮ್...

ಇನ್ನೊಂದು ಹಾರ್ನ್. ಬೇಡ. ಹೀಗೇ ಹೋಗುತ್ತೇನೆ, ಬರೀ ಕೈ—